ಕಲ್ಲುಸಕ್ಕರೆ ಕರಗುವ ತನಕ

ನನ್ನ ತಮ್ಮ ಹುಲಿಗೇಶ ಹಾವೇರಿಯ ದವಾಖಾನೆಯಲ್ಲಿ ಮೂತ್ರ ಕೊಟ್ಟು ಸ್ಟೀಲ್ ಬಕೆಟ್ ಗೆದ್ದುಕೊಂಡು ಬಂದ ದಿನ ನಾನು ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಬೈದೆ.

“ಉಚ್ಚಿ ಹೊಯ್ದಿದ್ದಕ್ಕ ಬಕೆಟ್ ಕೊಟ್ಟಾರ? ಮುಂದಿನ ವಾರ ಏನ ಕೊಡತಾರ, ತಿಜೋರಿ?”

“ಬರೇ ಉಚ್ಚಿಗಲ್ಲಕ್ಕಾ. ಸ್ವಚ್ಛ ಉಚ್ಚಿಗೆ,” ಎಂದು ಬಕೆಟ್ಟಿನ ತಳವನ್ನು ಬೆರಳಿನಿಂದ ಬಾರಿಸಿ ತೋರಿಸಿದ. “ನೋಡು, ಗಟ್ಟಿ ಐತಿ. ಸಾರು ತುಂಬಾಕ ಬರತೈತಿ.”

“ನನ್ನ ಖಾನಾವಳ್ಯಾಗ ಉಚ್ಚಿ ಬಕೆಟ್ಟಿನ್ಯಾಗ ಸಾರು? ಅಟ್ಟದ ಮ್ಯಾಲೆ ಒಗಿ ಅದನ್ನ!”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗುತ್ತೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವಳಿಗೆ ಅರವತ್ತು ದಾಟಿದೆ, ಹನ್ನೆರಡು ವರ್ಷದಿಂದ ನನ್ನ ಹತ್ತಿರ ರೊಟ್ಟಿ ಮಾಡುತ್ತಾಳೆ, ನನ್ನ ಬೈಗುಳಕ್ಕೆ ಹೆದರುವುದನ್ನು ಹನ್ನೊಂದು ವರ್ಷದ ಹಿಂದೆಯೇ ಬಿಟ್ಟಿದ್ದಾಳೆ. ಬಕೆಟ್ ಅಟ್ಟ ಏರಿತು.

ಆ ದವಾಖಾನೆಯಲ್ಲಿ ಹಾಗೊಂದು ಪದ್ಧತಿ ಇದೆ. ನಶೆ ಬಿಡಲು ಬಂದವರಿಗೆ ಪ್ರತಿ ಬುಧವಾರ ಮೂತ್ರ ಪರೀಕ್ಷೆ. ಏನೂ ಸಿಗದಿದ್ದರೆ ಒಂದು ಹಿತ್ತಾಳೆ ಕೊಡದಲ್ಲಿ ಕೈ ಹಾಕಿ ಚೀಟಿ ಎತ್ತಬಹುದು. ಎಷ್ಟೋ ಚೀಟಿಗಳಲ್ಲಿ ‘ಭೇಷ್’ ಅಂತ ಬರೆದಿರುತ್ತದೆ, ಅಷ್ಟೇ. ಕೆಲವದರಲ್ಲಿ ಸೋಪು, ಟವೆಲ್, ಲೋಟ. ಒಂದೆರಡರಲ್ಲಿ ಬಕೆಟ್ಟು, ಕುಕ್ಕರು. ವಾರ ತಪ್ಪದೆ ಸ್ವಚ್ಛ ಬಂದರೆ ಎತ್ತುವ ಚೀಟಿ ಒಂದರಿಂದ ಎರಡು, ಎರಡರಿಂದ ಮೂರು ಆಗುತ್ತವೆ. ಒಂದು ವಾರ ಕೆಟ್ಟರೆ ಮತ್ತೆ ಮೊದಲಿನಿಂದ ಶುರು. ದೊಡ್ಡ ದೊಡ್ಡ ಗಂಡಸರು ಆ ಕೊಡದ ಮುಂದೆ ಉಸಿರು ಹಿಡಿದು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ನನಗೆ ಅದು ಹುಡುಗಾಟ ಅನ್ನಿಸಿತ್ತು.

ನನ್ನ ಖಾನಾವಳಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಊರ ಸಾಲೆಯಲ್ಲಿ ಏಳನೆಯ ಇಯತ್ತೆ ತನಕ ಕಲಿತಿದ್ದೇನೆ, ಉಳಿದದ್ದನ್ನೆಲ್ಲ ಒಲೆಯ ಮುಂದೆ ಕಲಿತೆ. ಅವ್ವ ಹೋದಾಗ ಹುಲಿಗೇಶನಿಗೆ ನಾಲ್ಕು ವರ್ಷ, ನನಗೆ ಇಪ್ಪತ್ತೊಂದು. ಅವನ ಕುಂಡಿ ತೊಳೆದವಳು ನಾನು. ಹಾಗಾಗಿ ಅವನಿಗೆ ಯಾವುದು ಒಳ್ಳೆಯದು ಅಂತ ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಅವನು ಎಂಟು ವರ್ಷ ಗೋವಾದ ಹೋಟೆಲ್ಲುಗಳಲ್ಲಿ ಅಡುಗೆ ಮಾಡಿದ. ದಿನಕ್ಕೆ ಹದಿನಾಲ್ಕು ತಾಸು ನಿಂತು ಸೊಂಟ ನೋವು ಬಂತು, ನೋವಿಗೆ ಯಾರೋ ಗುಳಿಗೆ ಕೊಟ್ಟರು, ಗುಳಿಗೆ ಸಾಲದೆ ಬ್ರೌನ್ ಶುಗರ್ ಹಿಡಿದ. ಅದು ತೂಕಡಿಸುವಂತೆ ಮಾಡಿದರೆ ಎದ್ದು ನಿಲ್ಲಲು ಕೊಕೇನ್. ಒಂದು ಮಲಗಿಸಲು, ಇನ್ನೊಂದು ಎಬ್ಬಿಸಲು. ಕಳೆದ ದೀಪಾವಳಿ ಮುಂದೆ, ನಶೆ ಮಿತಿಮೀರಿ ದವಾಖಾನೆ ಸೇರಿದ್ದಾನೆಂದು ಅಲ್ಲಿಂದ ಫೋನು ಬಂತು. ನಾನು ಹೋಗಿ ನೋಡಿದಾಗ ಅವನ ತುಟಿ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಬದುಕಿದ. ಕಿವಿ ಹಿಡಿದು ಬಸ್ ಹತ್ತಿಸಿದೆ. ಇನ್ನೊಮ್ಮೆ ಅಲ್ಲಿಗೆ ಹೋದರೆ ನಾನು ವಾಪಸು ತರುವುದು ಅವನನ್ನಲ್ಲ, ಅವನ ಹೆಣವನ್ನು ಎಂದು ಅಲ್ಲಿಯ ಡಾಕ್ಟರು ನನ್ನ ಮುಖಕ್ಕೇ ಹೇಳಿದ್ದರು.

ಆದ್ದರಿಂದ ನನಗೆ ಬೇಕಿದ್ದದ್ದು ಒಂದೇ. ಅವನು ಗೋವಾಕ್ಕೆ ಹೋಗಬಾರದು.

ಹಾವೇರಿಯಲ್ಲಿ ಬೇನಜೀರ ಅಂತ ಒಬ್ಬ ಡಾಕ್ಟರ್ ಬಾಯಿ ಈ ಚಟಕ್ಕೆ ಔಷಧ ಕೊಡುತ್ತಾರೆಂದು ಯಾರೋ ಹೇಳಿದರು. ಔಷಧದ ಹೆಸರು ಬುಪ್ರೆನಾರ್ಫಿನ್. ಈ ಹೆಸರು ಕಲಿಯಲು ನನಗೆ ಎಂಟು ದಿನ ಹಿಡಿಯಿತು. ಅದನ್ನು ನುಂಗುವಂತಿಲ್ಲ. ಪುಡಿ ಮಾಡಿ ನಾಲಿಗೆಯ ಕೆಳಗೆ ಇಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಕೂರಬೇಕು. ಉಗುಳು ನುಂಗಬಾರದು, ಮಾತಾಡಬಾರದು, ನೀರು ಕುಡಿಯಬಾರದು. ಮೊದಲ ನಾಲ್ಕು ವಾರ ಹುಲಿಗೇಶ ದಿನಾ ಮುಂಜಾನೆ ಬಸ್ಸಿಗೆ ಹಾವೇರಿಗೆ ಹೋಗಿ, ಅಲ್ಲಿಯ ಕಂಪೌಂಡರ್ ಫಕ್ಕೀರಪ್ಪನ ಎದುರಿಗೆ ಕೂತು ಔಷಧ ತೆಗೆದುಕೊಂಡು ಬಂದ. ಉಂಡ. ನಿದ್ದೆ ಮಾಡಿದ. ಅವನ ಕೈಯ ಎಣ್ಣೆಗಾಯಿಗೆ ಗಿರಾಕಿಗಳು ಹೆಸರು ಹಿಡಿದು ಬರತೊಡಗಿದರು. ಬಕೆಟ್ ಗೆದ್ದದ್ದೂ ಆಗಲೇ.

ಅಷ್ಟರಲ್ಲಿ ಸೀಸನ್ ಬಂತು. ಸೋಮವಾರ, ಗುರುವಾರ ಪೇಟೆ ದಿನ ನಮ್ಮ ಓಣಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ಬಳ್ಳಾರಿ ಕಡೆಯವರು, ಆಂಧ್ರದವರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಹಮಾಲರು, ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವು. ದಿನಾ ಹಾವೇರಿಗೆ ಹೋಗಿ ಬರುವುದು ಆಗುವುದಿಲ್ಲ ಎಂದಾಗ ಡಾಕ್ಟರ್ ಬಾಯಿ ವಾರದ ಗುಳಿಗೆಯನ್ನು ಮನೆಗೇ ಕೊಟ್ಟರು. ಒಂದೇ ಷರತ್ತು: ಡಬ್ಬಿಯ ಕೀಲಿ ನನ್ನ ಕೈಯಲ್ಲಿ ಇರಬೇಕು, ದಿನಾ ನಾನೇ ಪುಡಿ ಮಾಡಿ ಕೊಡಬೇಕು, ಗುಳಿಗೆ ಬಿಡಿಸಿದ ಖಾಲಿ ಹಾಳೆಗಳನ್ನು ವಾಪಸು ತರಬೇಕು.

“ದಿನಕ್ಕ ನಾಕು ಗುಳಿಗಿ ಅಕ್ಕಾರ,” ಎಂದು ಫಕ್ಕೀರಪ್ಪ ಬೆರಳು ಮಡಚಿ ತೋರಿಸಿದ. “ಮೂರಲ್ಲ, ಐದಲ್ಲ.”

“ನನಗ ಎಣಿಸಾಕ ಬರತೈತಪಾ,” ಎಂದೆ.

ಎಣಿಸಲು ಬರುತ್ತಿತ್ತು. ಆದರೆ ನನಗೆ ಇನ್ನೊಂದು ವಿಷಯವೂ ಗೊತ್ತಿತ್ತಲ್ಲ. ಆ ಔಷಧ ಶುರುವಾದಾಗಿನಿಂದ ಹುಲಿಗೇಶನಿಗೆ ಥಂಡಿಯಲ್ಲೂ ಬೆವರು. ಮುಂಜಾನೆ ಸಂಡಾಸಿಗೆ ಹೋದರೆ ಅರ್ಧ ತಾಸು ಹೊರಗೆ ಬರುವುದಿಲ್ಲ. ಬೆವರು, ಮಲಬದ್ಧತೆ: ಇದು ಉಷ್ಣವಲ್ಲದೆ ಇನ್ನೇನು? ಮೆಣಸಿನಕಾಯಿ ಊರಿನಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ಉಷ್ಣದ ಪಾಠ ಬೇರೆಯವರು ಹೇಳಬೇಕಾಗಿಲ್ಲ. ಡಾಕ್ಟರ್ ಬಾಯಿಗೆ ಮೂವತ್ತೈದೂ ಇರಲಿಕ್ಕಿಲ್ಲ, ಕಲಿತವರು, ಆದರೆ ಪುಸ್ತಕದಲ್ಲಿ ಉಷ್ಣ ಎಲ್ಲಿ ಬರೆದಿರುತ್ತಾರೆ? ಖಾರ ಹೆಚ್ಚಾದರೆ ಕಡಿಮೆ ಹಾಕಬೇಕು, ತಂಪು ಕೂಡಿಸಬೇಕು. ಇಷ್ಟೇ ವಿದ್ಯೆ.

ನಾನು ನಾಲ್ಕು ಗುಳಿಗೆ ತೆಗೆದು, ಎರಡನ್ನು ಸುಣ್ಣದ ಡಬ್ಬಿಯಲ್ಲಿ ಇಟ್ಟು, ಉಳಿದೆರಡಕ್ಕೆ ಅಷ್ಟೇ ಕಲ್ಲುಸಕ್ಕರೆ ಕೂಡಿಸಿ ಪುಡಿ ಮಾಡಿದೆ. ಕಲ್ಲುಸಕ್ಕರೆ ತಂಪು. ಖಾಲಿ ಹಾಳೆ ಪೂರ್ತಿ ಇದ್ದವು, ಅವನ್ನು ವಾರಕ್ಕೊಮ್ಮೆ ಫಕ್ಕೀರಪ್ಪನಿಗೆ ಎಣಿಸಿ ಕಳಿಸಿದೆ. ತಮ್ಮ ಪೂರಾ ಆರಾಮ ಆದ ಮೇಲೆ ಡಾಕ್ಟರ್ ಬಾಯಿಯ ಮುಂದೆ ಡಬ್ಬಿ ಇಟ್ಟು, “ನೋಡ್ರಿ, ಅರ್ಧದಾಗ ಮುಗಿಸೇನಿ” ಎನ್ನಬೇಕೆಂದು ಇತ್ತು.

ಮೊದಲ ದಿನವೇ ಹುಲಿಗೇಶ ಹುಬ್ಬು ಏರಿಸಿದ. “ಅಕ್ಕಾ, ಸಿಹಿ ಹತ್ತಾಕತ್ತೈತಲ್ಲ?”

“ಬಾಯಿ ಮುಚ್ಚು. ಮಾತಾಡಬಾರದಂತ.”

ಅವನು ಮುಚ್ಚಿದ. ಆದರೆ ನನ್ನ ಬಾಯಿ ಮುಚ್ಚಬೇಕಲ್ಲ. ಬೇಳೆ ಎಷ್ಟು ಹಾಕಿದಿ, ಗ್ಯಾಸ್ ಯಾಕೆ ಬಂದಿಲ್ಲ, ನಿನ್ನೆ ಬಂದ ಹಮಾಲರಿಗೆ ಪಲ್ಯ ಯಾಕೆ ಸಾಲಲಿಲ್ಲ; ನಾನು ಕೇಳುತ್ತೇನೆ, ಅವನು ಉತ್ತರ ಹೇಳುತ್ತಾನೆ. ಎರಡು ನಿಮಿಷಕ್ಕೆ ಒಂದು ದೊಡ್ಡ ಲೋಟ ಮಜ್ಜಿಗೆ ಮುಂದೆ ಹಿಡಿಯುತ್ತಿದ್ದೆ.

“ಅಲ್ಲಿ ನೀರೂ ಕೊಡತಿದ್ದಿಲ್ಲಕ್ಕಾ.”

“ಅದು ದವಾಖಾನಿ, ಇದು ಮನಿ. ಕುಡಿ. ಉಷ್ಣ ಇಳೀತೈತಿ.”

ಕುಡಿಯುತ್ತಿದ್ದ. ಚಿಕ್ಕಂದಿನಿಂದ ನಾನು ಹಿಡಿದದ್ದನ್ನೆಲ್ಲ ಕುಡಿದವನು.

ಎಂಟು ದಿನಕ್ಕೆ ಅವನ ಬೆವರು ಕಡಿಮೆಯಾಯಿತು. ನಾನು ಗೆದ್ದೆ ಅಂದುಕೊಂಡೆ. ಮೇಲಿಂದ ಮೇಲೆ ಆಕಳಿಸುತ್ತಿದ್ದ, ಮೈ ಮುಳ್ಳು ಏಳುತ್ತಿತ್ತು, ಮೂಗು ಸೋರುತ್ತಿತ್ತು. ಮೂಗು ಸೋರಿದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಸೀಸನ್ನಿನಲ್ಲಿ ಬ್ಯಾಡಗಿಯಲ್ಲಿ ಯಾರ ಮೂಗು ಸೋರುವುದಿಲ್ಲ? ಗಾಳಿ ಬೀಸಿದರೆ ಇಡೀ ಓಣಿ ಸೀನುತ್ತದೆ. ಪೋಸ್ಟಮನ್ ಸೀನುತ್ತಾನೆ, ನಾಯಿ ಸೀನುತ್ತದೆ.

ಹದಿನೈದನೆಯ ದಿನ ಹಾವೇರಿಯಿಂದ ಬಂದು, “ಡಾಕ್ಟರ್ ಬಾಯಾರು ಆರು ಮಾಡ್ಯಾರ,” ಎಂದ. ಕಾಲು ನಿಲ್ಲುತ್ತಿರಲಿಲ್ಲ, ಕೂತಲ್ಲೇ ಕುಣಿಸುತ್ತಿದ್ದ. “ನಾಕು ಸಾಲವಲ್ವು ಅಂದೆ. ಅವರಿಗೂ ತಿಳೀವಲ್ದು. ಇಲ್ಲಿ ಛಲೋ ಇದ್ದಾಂವ ಮನೀಗೆ ಹೋದ ಮ್ಯಾಲೆ ಯಾಕ ಕೆಟ್ಟಿ ಅಂತ ಕೇಳಿದ್ರು.”

ಆರು! ನನಗೆ ಸಿಟ್ಟು ನೆತ್ತಿಗೇರಿತು. ಅವರು ಏರಿಸಿದರೆ ನಾನು ಇಳಿಸುತ್ತೇನೆ. ಆರರಲ್ಲಿ ಮೂರು ಡಬ್ಬಿಗೆ ಹೋದವು. ಮಜ್ಜಿಗೆ ಎರಡು ಲೋಟವಾಯಿತು.

ಆ ವಾರದ ಸೋಮವಾರ ಪೇಟೆ ತುಂಬಿತ್ತು. ಹುಲಿಗೇಶನ ಕೈ ನಡುಗಿ ಸಾರಿನ ಪಾತ್ರೆ ಪೂರ್ತಿ ನೆಲದ ಪಾಲಾಯಿತು. ನಲವತ್ತು ಜನ ಗಿರಾಕಿಗಳ ಮುಂದೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಗೋವಾದಲ್ಲೇ ಸಾಯಬೇಕಿತ್ತು ಎಂಬ ಮಾತೂ ಬಂತು. ಬರಬಾರದಿತ್ತು, ಬಂತು. ಅವನು ಸೊಂಟಕ್ಕೆ ಸುತ್ತಿದ್ದ ಟವೆಲ್ ಬಿಚ್ಚಿ ಮೊಳೆಗೆ ತೂಗುಹಾಕಿ ರಾಣೇಬೆನ್ನೂರು ಬಸ್ ಹತ್ತಿದ.

ರಾಣೇಬೆನ್ನೂರಿನಲ್ಲಿ ಮನೋಹರ ಇದ್ದ. ಗೋವಾದಲ್ಲಿ ಇವನ ಜೊತೆಗೇ ಅಡುಗೆ ಮಾಡಿದವನು. ಕುದಿಯುವ ಎಣ್ಣೆ ಬಿದ್ದು ಕೈ ಸುಟ್ಟುಕೊಂಡು ರಜೆಯ ಮೇಲೆ ಮನೆಗೆ ಬಂದಿದ್ದ. ಮಂಗಳವಾರ ಸಂಜೆ ಹುಲಿಗೇಶ ವಾಪಸು ಬಂದಾಗ ಕಣ್ಣು ಮಿಂಚುತ್ತಿದ್ದವು, ಮಾತಿಗೆ ಚುಕ್ಕೆ ಅಲ್ಪವಿರಾಮ ಇರಲಿಲ್ಲ. ನನಗೆ ಗೊತ್ತಾಯಿತು. ಬುಧವಾರ ಹಾವೇರಿಗೆ ಹೋಗಿ ಬಂದು ಅವನೇ ಹೇಳಿದ.

“ಚೀಟಿ ಎತ್ತಲಿಲ್ಲಕ್ಕಾ. ಕೊಕೇನ್ ಅಂತ ಬಂತು.” ನೆಲ ನೋಡುತ್ತಲೇ ಅಂದ, “ನಾಳಿ ಬಿಟ್ಟು ಮುಂದಿನ ಗುರುವಾರ ಮನೋಹರ್ಯಾ ಗೋವಾಕ್ಕ ಹೊಂಟಾನ. ನಾನೂ ಹೋಗತೇನಿ. ಈ ಔಷಧ ನನಗ ಹತ್ತವಲ್ದು. ನೀನೂ ಎಷ್ಟಂತ ಬೈತಿ?”

ಎಂಟು ದಿನ. ಮರುದಿನ ಗುರುವಾರ, ಪೇಟೆ ದಿನ. ಆದರೂ ಖಾನಾವಳಿಯನ್ನು ಗುತ್ತೆವ್ವನ ಕೈಗೆ ಬಿಟ್ಟು, ಸುಣ್ಣದ ಡಬ್ಬಿಯನ್ನು ಚೀಲಕ್ಕೆ ಹಾಕಿ, ತಮ್ಮನನ್ನು ಎಳೆದುಕೊಂಡು ಹಾವೇರಿಗೆ ಹೋದೆ. ಜಗಳ ಆಡಲೆಂದೇ ಹೋದೆ.

“ನಿಮ್ಮ ಔಷಧ ಸುಳ್ಳು,” ಎಂದು ಬಾಗಿಲಲ್ಲೇ ಶುರು ಮಾಡಿದೆ. “ಏಳು ವಾರ ಆತು. ಉಚ್ಚಿ ತಗೋತೀರಿ, ಬಕೆಟ್ ಕೊಡತೀರಿ. ನನ್ನ ತಮ್ಮ ಮತ್ತ ಮೂಗಿಗೆ ಹಾಕ್ಕೊಂಡು ಬಂದಾನ!”

ಬೇನಜೀರ ಬಾಯಿ ಪೆನ್ನು ಕೆಳಗಿಟ್ಟರು. “ಕುಂದ್ರಿ ಅಕ್ಕಾರ.”

“ಕುಂದ್ರಂಗಿಲ್ಲ! ನಾಕು ಇದ್ದದ್ದನ್ನ ಆರು ಮಾಡಿದಿರಿ. ನೀವು ಹೇಳಿದಷ್ಟು ಕೊಟ್ಟಿದ್ರ ಇವನ ಮೈ ಸುಟ್ಟು ಹೋಗತಿತ್ತು. ನಾ ಅರ್ಧಾ ಕೊಟ್ಟಿದ್ದಕ್ಕ ಇನ್ನೂ ಜೀವಂತ ಅದಾನ!” ಎಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಫಕ್ಕೀರಪ್ಪ ಬಾಗಿಲಲ್ಲಿ ನಿಂತವನು ಒಳಗೆ ಬಂದ. ಡಾಕ್ಟರ್ ಬಾಯಿ ಡಬ್ಬಿಯ ಮುಚ್ಚಳ ತೆಗೆದು ಗುಳಿಗೆಗಳನ್ನು ಕಾಗದದ ಮೇಲೆ ಸುರುವಿ ಒಂದೊಂದಾಗಿ ಸರಿಸಿದರು. ನಲವತ್ತೊಂಬತ್ತು.

“ಮೂರು ವಾರದ್ದು,” ಎಂದರು ಮೆಲ್ಲಗೆ. “ಮತ್ತ ಹೆಂಗ ಕೊಡತಿದ್ರಿ?”

ಹೇಳಿದೆ. ಕಲ್ಲುಸಕ್ಕರೆ ಹೇಳಿದೆ, ಮಜ್ಜಿಗೆ ಹೇಳಿದೆ, ನಡುನಡುವೆ ಮಾತಾಡಿಸಿದ್ದೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿಯೇ ಇಳಿಯಿತು, ಯಾಕೆಂದರೆ ಅವರ ಮುಖದ ಬಣ್ಣ ಏರುತ್ತಿತ್ತು. ನನ್ನಷ್ಟೇ ಸಿಟ್ಟಿನ ಹೆಂಗಸು ಅಂತ ನನಗೆ ಆಗ ಗೊತ್ತಾಯಿತು.

“ಮಜ್ಜಿಗಿ!” ಎಂದರು. “ಅಕ್ಕಾರ, ಆ ಔಷಧ ನಾಲಿಗಿ ಬುಡಕ ಕರಗಿ ರಕ್ತಕ್ಕ ಹೋಗಬೇಕು. ಹೊಟ್ಟಿಗೆ ಹೋದ್ರ ಬಹಳಷ್ಟು ದಂಡ. ನೀವು ಅರ್ಧಾ ತಗದ್ರಿ, ಉಳದದ್ದನ್ನ ಮಜ್ಜಿಗಿ ಹಾಕಿ ತೊಳದ್ರಿ! ಇದು ಖಾರಪುಡಿ ಅಲ್ರಿ, ಕಡಿಮಿ ಹಾಕಿದ್ರ ಹೊಟ್ಟಿಗೆ ಹಿತ ಅನ್ನಾಕ. ಇದು ಕಡಿಮಿ ಬಿದ್ರ ಮೈ ಹುಚ್ಚು ಹಿಡದಂಗ ಆಗತೈತಿ. ಆಕಳಿಕಿ, ನಡುಕ, ಮೂಗು ಸೋರೂದು, ನಿದ್ದಿ ಇಲ್ಲ. ಮೂಗು ಸೋರಲಿಲ್ಲೇನು?”

“ಸೋರಿತ್ರಿ. ನಮ್ಮೂರಾಗ ಎಲ್ಲಾರದೂ...”

“ಹೌದ್ರಿ, ನಿಮ್ಮೂರು!” ಎಂದು ಹಣೆ ಹಿಡಿದುಕೊಂಡರು. ಫಕ್ಕೀರಪ್ಪ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿದ್ದವು.

ಬೆಂಚಿನ ಮೇಲೆ ಕೂತಿದ್ದ ಹುಲಿಗೇಶ ಇಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಕೇಳಿಕೊಳ್ಳುತ್ತಿದ್ದೆ, ಖರೇ ಹೇಳುತ್ತೇನೆ.

“ಅದಕ್ಕ ಸಿಹಿ ಇತ್ತು!” ಎಂದ.

ಫಕ್ಕೀರಪ್ಪನಿಗೆ ತಡೆಯಲಾಗಲಿಲ್ಲ. ಹುಲಿಗೇಶನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ನನಗೆ ನಗು ಬರಲಿಲ್ಲ. ನಾನು ಕೂತೆ. ಸೋಮವಾರ ಗಿರಾಕಿಗಳ ಮುಂದೆ ಆಡಿದ ಮಾತು ನೆನಪಾಯಿತು.

“ಹಂಗಾರ ಅವನ್ನ ರಾಣೇಬೆನ್ನೂರಿಗೆ ಕಳಿಸಿದಾಕಿ ನಾನ,” ಎಂದೆ.

ಡಾಕ್ಟರ್ ಬಾಯಿ ದನಿ ಇಳಿಸಿದರು. “ಅಷ್ಟೂ ನಿಮ್ಮ ಮ್ಯಾಲೆ ಹೊತ್ಗೋಬ್ಯಾಡ್ರಿ. ಕೊಕೇನಿಗೆ ನನ್ನ ಹತ್ರ ಗುಳಿಗಿ ಇಲ್ಲ, ಯಾರ ಹತ್ರಾನೂ ಇಲ್ಲ. ಅದಕ್ಕ ಆ ಕೊಡ, ಆ ಚೀಟಿ, ಈ ಮಾತುಕತಿ. ಆದ್ರ ಈ ಔಷಧ ಪೂರಾ ಇದ್ರ ಮೈ ನೆಲಿ ನಿಲ್ಲತೈತಿ. ಮೈ ನಿಂತ್ರ ಮನಸು ‘ಬ್ಯಾಡ’ ಅನ್ನಾಕ ಕಲೀತೈತಿ. ಮೈ ನಡಗಾಕತ್ರ ಸಿಕ್ಕದ್ದನ್ನ ಹಿಡೀತೈತಿ. ಬೆವರಿಗೆ ಹೆದರಬ್ಯಾಡ್ರಿ. ಸಂಡಾಸಿಗೆ ಇಸಬಗೋಲ ಕೊಡತೇನಿ, ಸೊಪ್ಪಿನ ಪಲ್ಯ ಮಾಡ್ರಿ, ಮಜ್ಜಿಗಿ ಕೊಡ್ರಿ. ಹತ್ತು ನಿಮಿಷ ಆದ ಮ್ಯಾಲೆ!”

ಉಳಿಸಿದ ಗುಳಿಗೆಗಳನ್ನು ಅವರೇ ಇಟ್ಟುಕೊಂಡರು. ಆ ಡಬ್ಬಿಯ ಗುಳಿಗೆ ಯಾರಾದರೂ ಮಕ್ಕಳ ಬಾಯಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದಾಗ ಖಾಲಿ ಡಬ್ಬಿಯನ್ನು ಬೇಗ ಬೇಗ ಚೀಲಕ್ಕೆ ಹಾಕಿಕೊಂಡೆ. ಮೂರು ಗುಳಿಗೆಯ ಮೇಲೆ ಇದ್ದ ಮೈಗೆ ಒಮ್ಮೆಲೇ ಆರು ಬೇಡ, ಇವತ್ತು ಇಲ್ಲೇ ನಮ್ಮ ಕಣ್ಣ ಮುಂದೆ ನಾಲ್ಕು ತೆಗೆದುಕೊಳ್ಳಲಿ, ನಾಲ್ಕು ದಿನ ದಿನಾ ಬರಲಿ, ಮೈ ನೋಡಿ ಆರಕ್ಕೆ ಏರಿಸುತ್ತೇವೆ, ಆಮೇಲೆ ಮನೆಗೆ ಕೊಡುತ್ತೇವೆ ಎಂದರು.

“ಇನ್ನೊಂದು,” ಎಂದು ಬೆರಳು ಎತ್ತಿದರು. “ನೀವು ಕೇಳಿದ್ರ ಅವ ಮಾತಾಡತಾನ. ಅವ ಮಾತಾಡಿದ್ರ ಔಷಧ ಗಂಟಲಿಗಿಳೀತೈತಿ. ಆ ಹತ್ತು ನಿಮಿಷ ನೀವೂ ಬಾಯಿ ಮುಚ್ಚಬೇಕು.”

“ನನ್ನ ಬಾಯಿ ಮುಚ್ಚಸಾಕೂ ಒಂದು ಗುಳಿಗಿ ಬರೀರಿ ಹಂಗಾರ,” ಎಂದೆ ಸಿಟ್ಟಿನಿಂದ.

“ಕಲ್ಲುಸಕ್ರಿ ಉಳದಿರಬೇಕಲ್ಲ? ಅದನ್ನ ನಾಲಿಗಿ ಬುಡಕ ಇಟಗೋರಿ. ಅಗೀಬ್ಯಾಡ್ರಿ. ಅದು ಕರಗೂತನಕ ಸುಮ್ಮನಿರ್ರಿ.”

“ಭಾಳ ದೊಡ್ಡ ಹಳ್ಳು ಇಟಗೋರಿ ಅಕ್ಕಾರ,” ಎಂದ ಫಕ್ಕೀರಪ್ಪ.

ವಾಪಸು ಬರುವಾಗ ಬಸ್ಸು ಮೋಟೆಬೆನ್ನೂರು ದಾಟಿತು. ಆಮೇಲೆ ನಾನೇ ಕೇಳಿದೆ, “ಗೋವಾ?”

“ಗುರುವಾರ ಬರಲಿ, ನೋಡೋಣ,” ಎಂದ ಹುಲಿಗೇಶ. ಹೋಗುವುದಿಲ್ಲ ಅನ್ನಲಿಲ್ಲ.

ನಾಲ್ಕು ದಿನ ಹೋಗಿ ಬಂದ. ಭಾನುವಾರದ ಹೊತ್ತಿಗೆ ಕಾಲು ಕುಣಿಸುವುದು ನಿಂತಿತು. ಸೋಮವಾರ ಪೇಟೆಯ ಗದ್ದಲದಲ್ಲಿ ಸಾರು ಚೆಲ್ಲಲಿಲ್ಲ. ಬುಧವಾರ ಪರೀಕ್ಷೆ ಸ್ವಚ್ಛ ಬಂತು, ಮೊದಲಿನಿಂದ ಶುರುವಾದ್ದರಿಂದ ಒಂದೇ ಚೀಟಿ. ತಂದು ನನ್ನ ಕೈಗೆ ಕೊಟ್ಟ. ‘ಭೇಷ್.’

“ಬರೇ ಇದ?” ಎಂದೆ.

“ಬರೇ ಇದ,” ಎಂದ. ಆದರೂ ಅದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡ.

ಗುರುವಾರ ಬಂತು. ಮುಂಜಾನೆ ಒಂಬತ್ತೂವರೆ. ಹೊರಗೆ ಲಾರಿಗಳ ಹಾರ್ನು, ಒಳಗೆ ಮೊದಲ ಪಂಕ್ತಿಯ ಗಿರಾಕಿಗಳು ಇನ್ನೇನು ಕೂರಬೇಕು. ನಾನು ಆರು ಗುಳಿಗೆಯನ್ನು ಅವನ ಕಣ್ಣ ಮುಂದೆಯೇ ಎಣಿಸಿ ಪುಡಿ ಮಾಡಿ ಕೊಟ್ಟೆ. ಅವನು ನಾಲಿಗೆ ಎತ್ತಿ ಹಾಕಿಕೊಂಡು ಅಕ್ಕಿ ಚೀಲದ ಮೇಲೆ ಕೂತ. ನಾನು ಫಕ್ಕೀರಪ್ಪ ಹೇಳಿದ ಹಾಗೆ ಒಂದು ದೊಡ್ಡ ಹಳ್ಳು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ಅವನ ಎದುರಿಗೆ ಕೂತೆ. ಗೋಡೆಯ ಗಡಿಯಾರ ನೋಡಿದೆ.

ಒಂದು ನಿಮಿಷವೂ ಆಗಿರಲಿಲ್ಲ. ಬಾಗಿಲಲ್ಲಿ ಮನೋಹರ. ಹೆಗಲಿಗೆ ಚೀಲ, ಬಲಗೈಗೆ ಬ್ಯಾಂಡೇಜು.

“ಲೇ ಹುಲಿಗ್ಯಾ! ಹನ್ನೊಂದೂವರಿಗೆ ಬಸ್ಸೈತಿ ಹಾವೇರಿಂದ. ಇನ್ನೂ ಬನಿಯನ್ ಮ್ಯಾಲೆ ಕುಂತೀದಿ?”

ಹುಲಿಗೇಶ ಕೈ ತೋರಿಸಿದ: ಕೂರು.

ಮನೋಹರ ನನ್ನ ಕಡೆ ತಿರುಗಿದ. ಒಂದು ಹೆಜ್ಜೆ ಹಿಂದೆ ಸರಿದೇ ನಿಂತ, ನನ್ನ ಬಾಯಿ ಅವನಿಗೂ ಗೊತ್ತು. ನಾನು ಅವನನ್ನು ನೋಡಿದೆ. ಇವನ ಮಾಲನ್ನೇ ನನ್ನ ತಮ್ಮ ಮೂಗಿಗೆ ಏರಿಸಿದ್ದು. ಹೊಟ್ಟೆಯಿಂದ ಬೈಗುಳ ಎದ್ದು ಗಂಟಲಿಗೆ ಬಂದು, ಕಲ್ಲುಸಕ್ಕರೆಗೆ ತಾಗಿ ನಿಂತಿತು. ನಾನು ಬಾಯಿ ತೆಗೆದರೆ ಇವನು ತಿರುಗಿ ಅನ್ನುತ್ತಾನೆ, ಇವನು ಅಂದರೆ ತಮ್ಮ ನಡುವೆ ಬಾಯಿ ಹಾಕುತ್ತಾನೆ, ಆರು ಗುಳಿಗೆ ಗಂಟಲಿಗೆ. ಕಳೆದ ಸಲ ನಾನು ಬೈದದ್ದಕ್ಕೇ ಅವನು ಬಸ್ ಹತ್ತಿದ್ದು. ಹಲ್ಲು ಕಚ್ಚಿದೆ. ಸಕ್ಕರೆ ಕಚ್ಚಲಿಲ್ಲ.

“ಯಾಕಕ್ಕಾ, ಇವತ್ತ ಬೈಯಲಿಲ್ಲ? ಆರಾಮಿಲ್ಲೇನು?” ಎಂದು ಮನೋಹರ ನಿಜವಾಗಿಯೇ ಗಾಬರಿಯಾಗಿ ಕೇಳಿದ.

“ಆಕಿ ಬಾಯಿಗೆ ಡಾಕ್ಟರ್ ಕೀಲಿ ಹಾಕ್ಯಾರ,” ಎಂದಳು ಗುತ್ತೆವ್ವ, ರೊಟ್ಟಿ ತಿರುವುತ್ತ. “ಹತ್ತು ನಿಮಿಷ ಈ ಮನೀಗೆ ನಾನ ಯಜಮಾನತಿ. ಕುಂದ್ರೋ ತಮ್ಮಾ, ರೊಟ್ಟಿ ತಿನ್ನು. ಹನ್ನೆರಡು ವರ್ಷ ಆತು ಈ ಖಾನಾವಳ್ಯಾಗ ನಾ ಒಂದು ಮಾತು ಪೂರಾ ಆಡಿ.”

ಒಬ್ಬ ಹಮಾಲ ಒಳಗೆ ಬಂದು, “ಅಕ್ಕಾ, ಪಲ್ಯ ಏನೈತಿ?” ಎಂದು ನನ್ನನ್ನು ಕೇಳಿದ. ನಾನು ಬದನೆಕಾಯಿಯ ಬುಟ್ಟಿ ತೋರಿಸಿದೆ. ಅವನು ಹೆದರಿ ಗುತ್ತೆವ್ವನ ಕಡೆ ನೋಡಿದ.

ಮನೋಹರ ಕೂತ, ರೊಟ್ಟಿ ಮುರಿದ. “ಹೊಸಾ ಹೋಟೆಲ್ಲೋ ಹುಲಿಗ್ಯಾ. ಸಮುದ್ರದ ದಂಡ್ಯಾಗ. ಅಡಗಿ ಮನ್ಯಾಗ ಎರಡನೇವ ನೀನ. ಈ ಘಾಟಿನ್ಯಾಗ ಹಮಾಲರಿಗೆ ಸಾರು ಬಡಿಸಿಕೋತ ಎಷ್ಟು ದಿನ ಇರತೀ?”

ಹುಲಿಗೇಶ ಅವನನ್ನೇ ನೋಡುತ್ತಿದ್ದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ, ಅನ್ನುವಂತೆಯೂ ಇರಲಿಲ್ಲ. ನಾಲ್ಕು ನಿಮಿಷ.

“ಅಲ್ಲಿ ಯಾರೂ ಬೈಯೂದಿಲ್ಲ ನಿನಗ,” ಎಂದ ಮನೋಹರ. ನನ್ನ ಕಿವಿ ಬಿಸಿಯಾಯಿತು. ಆರು ನಿಮಿಷ.

ಉತ್ತರ ಬರದ ಮನುಷ್ಯನ ಮುಂದೆ ಎಷ್ಟು ಹೊತ್ತು ಮಾತಾಡುವುದು? ಮನೋಹರನ ಮಾತು ನಿಧಾನವಾಯಿತು. ಹೋಟೆಲ್ಲಿನ ಹೊಗಳಿಕೆ ಮುಗಿಯಿತು. ತಟ್ಟೆ ನೋಡುತ್ತ ಕೂತ. ಆಮೇಲೆ ಯಾರೂ ಕೇಳದೆ ತಾನೇ ಅಂದ, “ನೀ ಬಂದ್ರ ನನಗೂ ಒಂದು ಆಸರ ಆಗತಿತ್ತು. ನೀ ಹ್ವಾದ ಮ್ಯಾಲೆ ನಂದೂ ನೆಟ್ಟಗಿಲ್ಲಲೇ. ಈ ಕೈ ಎಣ್ಣಿಯಾಗ ಸುಮ್ಮನ ಬಿದ್ದಿಲ್ಲ. ನಿಂತಲ್ಲೇ ತೂಕಡಿಸಿದ್ದೆ.” ಬ್ಯಾಂಡೇಜಿನ ಹಿಂಭಾಗದಿಂದ ಮೂಗು ಒರೆಸಿಕೊಂಡು ಆಕಳಿಸಿದ.

ನನ್ನ ಬಾಯಿಯ ಸಕ್ಕರೆ ಜೋಳದ ಕಾಳಿನಷ್ಟಾಗಿತ್ತು. ಗಂಟಲಲ್ಲಿ ನಿಂತಿದ್ದ ಬೈಗುಳವನ್ನು ಹುಡುಕಿದೆ, ಅದೂ ಸಣ್ಣದಾಗಿತ್ತು. ಸುಟ್ಟ ಕೈಯವನು ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ. ಎದ್ದು ಹೋಗಿ ಅವನ ರೊಟ್ಟಿ ಮುರಿದು ಸಾರಿನಲ್ಲಿ ಹಾಕಿ ಬಂದು ಕೂತೆ. ಗುತ್ತೆವ್ವ ಬಡಿಯುವುದನ್ನೇ ನಿಲ್ಲಿಸಿ ನನ್ನನ್ನು ನೋಡಿದಳು.

ಹತ್ತು ನಿಮಿಷ. ಹುಲಿಗೇಶ ನಾಲಿಗೆ ಎತ್ತಿ ತೋರಿಸಿದ, ಪುಡಿ ಇರಲಿಲ್ಲ. ಎದ್ದು ಮನೋಹರನ ಮುಂದೆ ಕುಕ್ಕರಗಾಲಲ್ಲಿ ಕೂತ.

“ನಾ ಬರಂಗಿಲ್ಲಲೇ.”

“ಅಕ್ಕಗ ಹೆದರಿದೇನು?”

“ಅಕ್ಕಗ ಹೆದರಿದ್ರ ಹೋದ ವಾರನ ಓಡಿ ಹೋಗತಿದ್ದೆ,” ಎಂದು ನಕ್ಕ. “ಈಗ ಔಷಧ ಹತ್ತೈತಿ. ಎಂಟು ದಿನ ಆತು, 'ಇನ್ನೇನು ಸಿಗತೈತಿ' ಅಂತ ಮೈ ಹುಡುಕಾಕತ್ತಿಲ್ಲ. ಇಷ್ಟ ಸಾಕು ನನಗ. ನಿನ್ನ ಮೂಗು ಯಾಕ ಸೋರಾಕತ್ತೈತಿ?”

“ಯಾಕಂದ್ರ? ನಿಮ್ಮೂರ ಮೆಣಸಿನಕಾಯಿ.”

“ಅದು ಮೆಣಸಿನಕಾಯಿದಲ್ಲ,” ಎಂದೆ ನಾನು. ಹತ್ತು ನಿಮಿಷದ ನಂತರದ ನನ್ನ ಮೊದಲ ಮಾತು. ಇಬ್ಬರೂ ಬೆಚ್ಚಿದರು. “ಆ ತಪ್ಪು ನಾ ಒಮ್ಮೆ ಮಾಡೇನಿ, ಮತ್ತ ಮಾಡಂಗಿಲ್ಲ. ಉಣ್ಣು. ಉಂಡು ಅವನ ಜೋಡಿ ಹಾವೇರಿಗೆ ಹೋಗಿ ಡಾಕ್ಟರ್ ಬಾಯಾರನ್ನ ನೋಡು. ಗೋವಾ ಬಸ್ಸು ಸ್ಟ್ಯಾಂಡ್‌ನ್ಯಾಗ ಇರತೈತಿ, ದವಾಖಾನಿ ಅದರ ಹಿಂದಿನ ಓಣ್ಯಾಗ. ನೋಡಿದ ಮ್ಯಾಲೆ ಯಾವ ಕಡೆ ಹೋಗತೀಯೋ ನಿನ್ನ ಖುಷಿ.”

“ಅಲ್ಲಿ ಏನ್ ಮಾಡತಾರಕ್ಕಾ?” ಎಂದು ಮನೋಹರ ಸಣ್ಣ ದನಿಯಲ್ಲಿ ಕೇಳಿದ.

“ಉಚ್ಚಿ ತಗೊಂಡು ಬಕೆಟ್ ಕೊಡತಾರ,” ಎಂದಳು ಗುತ್ತೆವ್ವ.

ಅಷ್ಟರಲ್ಲಿ ಬಳ್ಳಾರಿ ಕಡೆಯ ಎರಡು ಲಾರಿಯವರು ಒಮ್ಮೆಲೇ ನುಗ್ಗಿದರು. ಸಾರು ಬಡಿಸುವ ಬಕೆಟ್ ಒಂದೇ, ಅದು ಮೊದಲ ಪಂಕ್ತಿಯಲ್ಲಿ ಸಿಕ್ಕಿಕೊಂಡಿತ್ತು. ಹುಲಿಗೇಶ ಪಾತ್ರೆ ಎತ್ತಲು ಹೋದ. ನಾನು ತಡೆದೆ. ಏಣಿ ಹಾಕಿ ಅಟ್ಟ ಹತ್ತಿ, ಧೂಳು ಹಿಡಿದ ಸ್ಟೀಲ್ ಬಕೆಟ್ಟನ್ನು ಇಳಿಸಿ, ಬಿಸಿನೀರಲ್ಲಿ ಎರಡು ಸಲ ತೊಳೆದು, ಸಾರು ತುಂಬಿ ಅವನ ಕೈಗೆ ಕೊಟ್ಟೆ.

ಗುತ್ತೆವ್ವ ಕಣ್ಣು ಅಗಲಿಸಿದಳು. “ಯವ್ವಾ ದ್ರಾಕ್ಷಾಯಿಣಿ, ಉಚ್ಚಿ ಬಕೆಟ್ಟು?”

“ಸ್ವಚ್ಛ ಉಚ್ಚಿದು,” ಎಂದೆ. “ನೀ ಸುಮ್ಮನ ರೊಟ್ಟಿ ಬಡಿ. ನಿನ್ನ ಹತ್ತು ನಿಮಿಷ ಮುಗದಾವು.”